ಅಪೆಂಡಿಕ್ಸ್ ಅಂತ ಬರೆಸು

ಮೊದಲು ಕೈಕೊಟ್ಟದ್ದು ಕೆಂಪು. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆ ಪ್ರದೇಶದಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಂಪನಿಯಿದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಶೇಡ್ ನೋಡುವುದು. ಗಿರಾಕಿ ಕೊಟ್ಟ ಬಟ್ಟೆಯ ತುಂಡನ್ನೂ ನಾವು ಅದ್ದಿ ತೆಗೆದ ತುಂಡನ್ನೂ ಬೆಳಕಿನ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಡುತ್ತಾರೆ. ಎರಡೂ ಒಂದೇ ಅನ್ನಿಸಿದರೆ ನಾನು ಸಹಿ ಹಾಕಬೇಕು, ಇಲ್ಲದಿದ್ದರೆ ವಾಪಸ್ ಕಳಿಸಬೇಕು. ಈಚೆಗೆ ಮಷಿನ್ ಬಂದಿದೆ. ಆದರೂ ಮಷಿನ್ ಅನುಮಾನ ತೋರಿಸಿದಾಗ ನನ್ನನ್ನೇ ಕರೆಯುತ್ತಾರೆ. ನನಗೆ ಅದೊಂದು ಜಂಬ ಇತ್ತು. ಮನೆಯಿಲ್ಲ ಮಠವಿಲ್ಲ, ಗಂಡನಿಲ್ಲ ಮಕ್ಕಳಿಲ್ಲ, ಕಣ್ಣಾದರೂ ಇದೆ ಅಂತ.

ಈ ವರ್ಷ ಸಂಕ್ರಾಂತಿ ಮುಗಿದ ವಾರ ನಾನು ಪಾಸು ಮಾಡಿದ ಕೆಂಪು ವಾಪಸ್ ಬಂತು. ಸೂಪರ್‌ವೈಸರ್ ಎರಡೂ ತುಂಡನ್ನು ತಂದು ನನ್ನ ಮುಂದೆ ಇಟ್ಟ. ನನಗೆ ಎರಡೂ ಒಂದೇ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ಅವನ ಮೇಲೆ ಹರಿಹಾಯ್ದೆ. ಅವನು ಪೆಟ್ಟಿಗೆಯ ದೀಪ ಆರಿಸಿ, "ಮೇಡಂ, ಒಮ್ಮೆ ಕಣ್ಣು ತೋರಿಸಿಕೊಳ್ಳಿ" ಎಂದ. ಆ ದನಿಯಲ್ಲಿ ಕನಿಕರ ಇತ್ತು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅವ್ವನ ಫೋಟೋದ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಕುಂಕುಮ ಮಾಸಿದ ಇಟ್ಟಿಗೆ ಬಣ್ಣ. ಎಡಗಣ್ಣಿಗೆ ಕುಂಕುಮವೇ ಇಲ್ಲ, ಹಣೆಯ ನಡುವೆ ಒಂದು ಬೂದು ಮಚ್ಚೆ. ದಿಟ್ಟಿಸಿದಷ್ಟೂ ಅವ್ವನ ಮುಖದ ನಡುಭಾಗ ಮಂಜಾಗುತ್ತಿತ್ತು, ಕಿವಿ, ಸೆರಗು, ಚೌಕಟ್ಟು ಮಾತ್ರ ಸ್ಪಷ್ಟ. ಹೆದರಿಕೆಯಾಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಆದ್ದರಿಂದ ಕುಕ್ಕರ್ ಇಟ್ಟೆ.

ಠಾಣೆ ಊರಿನಲ್ಲಿ ರೈಲು ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯ ಕಡೆ, ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಡಾಕ್ಟರು ನನ್ನದೇ ವಯಸ್ಸಿನ ಮರಾಠಿ ಹೆಂಗಸು. ಅಕ್ಷರ ಓದಿಸಿದರು, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು, ಔಷಧಿ ಬಾಟಲಿಯ ಕೆಂಪು ಮುಚ್ಚಳವನ್ನು ಒಂದೊಂದು ಕಣ್ಣಿಗೂ ಹಿಡಿದು ಎಷ್ಟು ಕೆಂಪಗಿದೆ ಎಂದು ಕೇಳಿದರು. ಕಣ್ಣು ಹೊರಳಿಸಿದರೆ ನೋವಾಗುತ್ತದೆಯೇ, ಎಷ್ಟು ದಿನದಿಂದ, ಒಮ್ಮೆಲೇ ಮಂಜಾಯಿತೋ ಮೆಲ್ಲಗೋ? ಕೊನೆಗೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ ಬಾವು ಬಂದಿರಬಹುದು, ಆಪ್ಟಿಕ್ ನ್ಯೂರೈಟಿಸ್ ಅನ್ನುತ್ತಾರೆ, ಅದಾದರೆ ಅಡ್ಮಿಟ್ ಮಾಡಿ ಸ್ಟಿರಾಯ್ಡ್ ಡ್ರಿಪ್ ಕೊಡಬೇಕು ಎಂದರು. ಆದರೆ ಅವರ ಮುಖದಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲ. ನೋವಿಲ್ಲ, ಎರಡೂ ಕಣ್ಣು, ಅದೂ ನಿಧಾನಕ್ಕೆ, ಹೀಗೆ ಬರುವುದು ಕಡಿಮೆ ಎಂದು ತಮಗೆ ತಾವೇ ಹೇಳಿಕೊಂಡರು.

"ಹಿಂದೆ ಏನಾದರೂ ಆಪರೇಷನ್ ಆಗಿದೆಯಾ?"

"ಅಪೆಂಡಿಕ್ಸ್" ಎಂದೆ. ಇಪ್ಪತ್ತೆಂಟು ವರ್ಷದಿಂದ ಯಾವ ಫಾರ್ಮಿನಲ್ಲಿ ಕೇಳಿದರೂ ಅದನ್ನೇ ಬರೆಸಿದ್ದೇನೆ. ಕಣ್ಣಿಗೂ ಹೊಟ್ಟೆಗೂ ಏನು ಸಂಬಂಧ ಅಂತ ಒಳಗೊಳಗೇ ಸಿಡಿಮಿಡಿ.

ಅವರು ಮುಂದಿನ ಪ್ರಶ್ನೆಗೆ ಹೋಗಲಿಲ್ಲ. ಯಾವ ವಯಸ್ಸಿನಲ್ಲಿ, ಎಲ್ಲಿ, ಎಷ್ಟು ದಿನ ಆಸ್ಪತ್ರೆಯಲ್ಲಿದ್ದಿರಿ? ಹತ್ತೊಂಬತ್ತನೆಯ ವಯಸ್ಸು, ಡೊಂಬಿವಲಿಯ ಒಂದು ನರ್ಸಿಂಗ್ ಹೋಮ್, ಹದಿನೇಳು ದಿನ ಎಂದೆ. ಪೆನ್ನು ಕೆಳಗಿಟ್ಟರು. ಪರದೆಯ ಹಿಂದೆ ಕರೆದು ಹೊಟ್ಟೆ ತೋರಿಸಿ ಎಂದರು. ಕಣ್ಣಿನ ಡಾಕ್ಟರಿಗೆ ಹೊಟ್ಟೆ ತೋರಿಸುತ್ತ ಮಲಗಿದ್ದು ನನಗೆ ನಗೆಪಾಟಲು ಅನ್ನಿಸಿತು. ಅವರು ನಗಲಿಲ್ಲ. ಹೊಕ್ಕುಳಿನ ಮೇಲಿಂದ ನೇರವಾಗಿ ಕೆಳಗಿಳಿದ ಗಾಯದ ಗುರುತಿನ ಮೇಲೆ ಬೆರಳಾಡಿಸಿ, "ಇದು ಅಪೆಂಡಿಕ್ಸ್ ಎಂದು ಯಾರು ಹೇಳಿದರು?" ಎಂದರು.

"ನಮ್ಮವ್ವ."

"ಅಪೆಂಡಿಕ್ಸ್ ಇರುವುದು ಬಲಕ್ಕೆ. ಸಾಮಾನ್ಯವಾಗಿ ಅಲ್ಲೇ ಸಣ್ಣದಾಗಿ ಕೊಯ್ಯುತ್ತಾರೆ. ಇವರು ಇಡೀ ಹೊಟ್ಟೆ ತೆರೆದಿದ್ದಾರೆ. ತಾಯಿಯನ್ನು ಕರೆತನ್ನಿ."

ತಾಯಿ ಹೋಗಿ ಆರು ವರ್ಷವಾಯಿತು, ತಂದೆ ಅದಕ್ಕೂ ಮೊದಲು ಎಂದೆ. ಹಾಗಾದರೆ ಹಳೆಯ ಕಾಗದ ಹುಡುಕಿ ಎಂದರು. ರಕ್ತ ಪರೀಕ್ಷೆ ಬರೆದರು, ಎಂಆರ್‌ಐ ಬರೆದರು. ಈ ವರದಿಗಳು ಈಗ ಏನಿದೆ ಅಂತ ಹೇಳುತ್ತವೆ, ಅಂದು ಏನು ತೆಗೆದರು, ಯಾಕೆ ತೆಗೆದರು ಅನ್ನುವುದು ಇವುಗಳಲ್ಲಿ ಇರುವುದಿಲ್ಲ. ಅದು ಗೊತ್ತಾಗದೆ ಸ್ಟಿರಾಯ್ಡ್ ಕೊಡಲು ನನಗೆ ಧೈರ್ಯವಿಲ್ಲ, ಹಾಗಂತ ನರ ಕಾಯುತ್ತ ಕೂರುವುದೂ ಇಲ್ಲ, ಮೂರು ನಾಲ್ಕು ದಿನದಲ್ಲಿ ಬನ್ನಿ ಎಂದರು. ಅದುವರೆಗೆ ನನ್ನ ಹೊಟ್ಟೆ ನನಗೆ ಗೊತ್ತು ಅಂದುಕೊಂಡಿದ್ದೆ.

ಠಾಣೆ ಸ್ಟೇಷನ್ನಿನಲ್ಲಿ ಗಾಡಿ ತೋರಿಸುವ ಇಂಡಿಕೇಟರ್ ಓದಲಾಗದೆ ಪಕ್ಕದ ಹೆಂಗಸನ್ನು ಕೇಳಿ ಕಲ್ಯಾಣ ಲೋಕಲ್ ಹತ್ತಿದೆ. ಡೊಂಬಿವಲಿಯಲ್ಲಿ ಇಳಿದು ಆ ನರ್ಸಿಂಗ್ ಹೋಮ್ ಇದ್ದ ಗಲ್ಲಿಗೆ ಹೋದೆ. ಅಲ್ಲಿ ಈಗ ಹದಿನಾಲ್ಕು ಮಾಳಿಗೆಯ ಟವರ್. ವಾಚ್‌ಮನ್‌ಗೆ ನರ್ಸಿಂಗ್ ಹೋಮಿನ ಹೆಸರೂ ಗೊತ್ತಿಲ್ಲ. ಗೇಟಿನ ಮುಂದೆ ನಿಂತು ಲೆಕ್ಕ ಹಾಕಿದೆ. ಆ ಹದಿನೇಳು ದಿನದ ಬಗ್ಗೆ ಬಲ್ಲವರು ಭೂಮಿಯ ಮೇಲೆ ಈಗ ಒಬ್ಬಳೇ, ನನ್ನ ಅಕ್ಕ. ನೆರೂಳಿನಲ್ಲಿದ್ದಾಳೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನಾವು ಮಾತಾಡುವುದು ಹಬ್ಬಕ್ಕೆ ಮಾತ್ರ, ಅದೂ ಎರಡು ನಿಮಿಷ.

ಫೋನ್ ಮಾಡಿದೆ. ಕಣ್ಣಿನ ವಿಷಯ ಹೇಳಿ, "ಅಕ್ಕಾ, ನಂಗ ಆಗ ಆಗಿದ್ದು ಯಾವ ಆಪರೇಷನ್ನು?" ಅಂತ ಕೇಳಿದೆ.

ಅತ್ತ ಕಡೆ ಟಿವಿ ಸದ್ದು. ಅದನ್ನು ಸಣ್ಣದು ಮಾಡಿ ಅಕ್ಕ, "ಅಪೆಂಡಿಕ್ಸ್ ಅಲ್ಲೇನವಾ, ನಿನಗ ಗೊತ್ತಿಲ್ಲೇನು?" ಎಂದಳು.

"ಡಾಕ್ಟರು ಅಲ್ಲ ಅಂತಾರ."

"ಡಾಕ್ಟರಿಗೇನು ಗೊತ್ತು. ಅಪೆಂಡಿಕ್ಸ್ ಅಂತ ಬರಸು" ಎಂದು ಫೋನಿಟ್ಟಳು.

ಬರಸು. ಅವ್ವ ಪ್ರತಿ ಸಲ ಹೇಳುತ್ತಿದ್ದ ಮಾತೇ ಅದು, ಅದೇ ರಾಗದಲ್ಲಿ. ಕಾಲೇಜಿನ ಫಾರ್ಮ್ ತುಂಬುವಾಗ, ನೌಕರಿಯ ಮೆಡಿಕಲ್‌ಗೆ ಹೋಗುವಾಗ, ನೆರೆಯವರು ವಿಚಾರಿಸಲು ಬಂದಾಗ. ಆಗಿದ್ದು ಅಪೆಂಡಿಕ್ಸೇ ಆಗಿದ್ದರೆ ಅದನ್ನು ಇಷ್ಟು ಸಲ ಹೇಳಿಕೊಡುವುದು ಯಾಕೆ?

ಆ ದಿನಗಳು ಒಂದೊಂದಾಗಿ ನೆನಪಾಗತೊಡಗಿದವು. ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಎಂಐಡಿಸಿಯಲ್ಲಿ ಫಿಟ್ಟರ್, ನಾವಿದ್ದದ್ದು ಚಾಳಿನ ಎರಡು ಖೋಲಿಯ ಮನೆಯಲ್ಲಿ. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳು ಅವ್ವ ನನಗೆ ಗುಳಿಗೆ ನುಂಗಿಸಿದಳು. ಅವು ಶಕ್ತಿ ಗುಳಿಗೆ. ಅಂಗಡಿಯಿಂದ ತಂದ ಕೂಡಲೇ ಒಂದೊಂದನ್ನೂ ಸ್ಟ್ರಿಪ್ಪಿನಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿಡುತ್ತಿದ್ದಳು. ಖಾಲಿ ಸ್ಟ್ರಿಪ್ಪುಗಳನ್ನು ಕಾಗದದಲ್ಲಿ ಸುತ್ತಿ, ನಮ್ಮ ಗಲ್ಲಿ ಬಿಟ್ಟು ಸ್ಟೇಷನ್ನಿನ ಕಸದ ತೊಟ್ಟಿಗೆ ಹಾಕಿ ಬರುತ್ತಿದ್ದಳು. ನನ್ನ ಮೂತ್ರ ಕೇಸರಿ ಕೆಂಪಾಗಿ ಹೋಗುತ್ತಿತ್ತು. ಉಷ್ಣ, ಮಜ್ಜಿಗಿ ಕುಡಿ ಎನ್ನುತ್ತಿದ್ದಳು. ನನ್ನ ತಾಟು, ಲೋಟ ಬೇರೆ ಆದವು. ಅದು ಪಥ್ಯ. ಅದುವರೆಗೆ ನನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಅಕ್ಕ ಅಡಿಗೆಮನೆಗೆ ಹೋದಳು. ಆ ವರ್ಷವೇ ಅವಳ ಮದುವೆ ಗೊತ್ತಾಗಿತ್ತು. ಮದುವಣಗಿತ್ತಿಗೆ ಬಿಂಕ ಬಂದಿದೆ ಅಂತ ನಾನು ಅಂದುಕೊಂಡಿದ್ದೆ.

ಮರುದಿನ ರಜೆ ಹಾಕಿ, ಠಾಣೆಯಲ್ಲಿ ಗಾಡಿ ಬದಲಿಸಿ, ನೆರೂಳಿಗೆ ಹೋದೆ. ಬರುತ್ತೇನೆಂದು ಹೇಳಿರಲಿಲ್ಲ.

ಬಾಗಿಲು ತೆರೆದ ಅಕ್ಕನ ಮುಖ ಸಣ್ಣಗಾಯಿತು. ಒಳಗೆ ಅವಳ ಗಂಡ ಫೋನಿನಲ್ಲಿ ಯಾರಿಗೋ ಮನೆಯ ದಾರಿ ಹೇಳುತ್ತಿದ್ದರು. ಸೋಫಾಗೆ ಹೊಸ ಹೊದಿಕೆ ಬಂದಿತ್ತು. ಅಕ್ಕನ ಮಗಳನ್ನು ನೋಡಲು ಭಾನುವಾರ ಸೊಲ್ಲಾಪುರದ ಕಡೆಯವರು ಬರುವವರಿದ್ದರು. ಹುಡುಗಿ ಕೋಣೆಯಿಂದ ಇಣುಕಿ, "ಮಾವಶೀ, ಕೈಸೀ ಹೋ?" ಎಂದು ನಕ್ಕು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಗಂಡಿನವರು ಬರುವ ವಿಷಯ ನನಗೆ ಹೇಳಿರಲಿಲ್ಲ. ಮದುವೆಯಾಗದೆ ಉಳಿದ ಚಿಕ್ಕಮ್ಮನನ್ನು ಇಂಥ ದಿನ ಯಾರು ಕರೆಯುತ್ತಾರೆ.

ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿಯನ್ನು ಮಿಕ್ಸಿಗೆ ಹಾಕಿ ಗುಂಡಿ ತಿರುವಿದಳು. ಮಿಕ್ಸಿ ಕಿರುಚತೊಡಗಿತು. ಆ ಸದ್ದಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

"ಟಿಬಿ ಇತ್ತು ನಿನಗ. ಕರಳಿನ ಟಿಬಿ. ಕರಳು ಕಟ್ಟಿಕೊಂಡು ಸಾಯೂ ಹಂಗ ಆಗಿದ್ದಿ. ಕೆಳಗಿನ ಒಂದು ತುಂಡು ಕೊಯ್ದು ತಗದರು."

ಮಿಕ್ಸಿ ಬಿಸಿಯಾಗುತ್ತದೆಂದು ನಿಲ್ಲಿಸಿದಳು. ನಿಲ್ಲಿಸಿದಷ್ಟು ಹೊತ್ತೂ ನಾವಿಬ್ಬರೂ ಸುಮ್ಮನಿದ್ದೆವು. ಹೊರಗೆ ಅವಳ ಗಂಡ ಸ್ಟೇಷನ್ನಿನಿಂದ ಎಡಕ್ಕೆ ತಿರುಗಿ ಎನ್ನುತ್ತಿದ್ದರು. ಮತ್ತೆ ಗುಂಡಿ ತಿರುವಿದಳು.

"ನನ್ನ ಮದುವಿ ಮುರೀತಿತ್ತು. ತಂಗಿಗೆ ಟಿಬಿ ಅಂದ್ರ ಇವರ ಮನ್ಯಾಗ ನನ್ನ ಮಾಡ್ಕೋತಿದ್ರೇನು? ಅವ್ವ ನನ್ನ ಕಡೆ ಆಣಿ ಮಾಡಿಸ್ಕೊಂಡಳು. ಇವರಿಗೆ ಇವತ್ತಿಗೂ ಗೊತ್ತಿಲ್ಲ."

"ನನಗ್ಯಾಕ ಹೇಳಲಿಲ್ಲ? ಹೊಟ್ಟಿ ನಂದು."

"ನಿನಗ ಹೇಳಿದ್ರ ಊರಿಗೆ ಹೇಳಿದಂಗ. ನಿನ್ನ ಬಾಯಿ ನಿನಗ ಗೊತ್ತಿಲ್ಲೇನು?"

ಅದು ನಿಜ. ಅಂಥ ಹೊತ್ತಿನಲ್ಲೂ ನಗು ಬಂದುಬಿಟ್ಟಿತು. ಅಕ್ಕ ನಗಲಿಲ್ಲ. ನನಗೆ ಬಂದ ಗಂಡುಗಳನ್ನೆಲ್ಲ ಅವ್ವ ಒಂದಲ್ಲ ಒಂದು ಕುಂಟು ನೆಪ ಹೇಳಿ ವಾಪಸ್ ಕಳಿಸಿದ್ದಳಂತೆ. ನಾನು ಕಪ್ಪು, ಬಾಯಿ ಜೋರು, ಅದಕ್ಕೇ ಯಾವ ಸಂಬಂಧವೂ ಕುದುರುತ್ತಿಲ್ಲ ಅಂತ ಇಷ್ಟು ವರ್ಷ ನಂಬಿದ್ದೆ. ಹಾಗಲ್ಲ ಎಂದಳು ಅಕ್ಕ. ಸುಳ್ಳು ಹೇಳಿ ಕೊಟ್ಟರೆ, ಮುಂದೆ ಗಾಯ ನೋಡಿ, ಗೊತ್ತಾಗಿ, ಹುಡುಗಿಯನ್ನು ತಿರುಗಿ ಕಳಿಸಿದರೆ ಅಂತ ಅವ್ವನಿಗೆ ಭಯ. ಹಾಗಾದರೆ ನಾನು ಯಾರಿಗೂ ಬೇಡವಾಗಿರಲಿಲ್ಲ. ಅವರಲ್ಲಿ ಯಾರೂ ನನ್ನನ್ನು ಬೇಡ ಅಂದೇ ಇರಲಿಲ್ಲ. ಇದನ್ನು ಕೇಳಿ ಸಮಾಧಾನವಾಗಬೇಕಿತ್ತು, ಮೈಯೆಲ್ಲ ಉರಿಯಿತು. ಸತ್ತವಳ ಜೊತೆ ಜಗಳ ಆಡುವುದು ಹೇಗೆ?

ಮೂರನೆಯ ಸಲ ಮಿಕ್ಸಿ ಹಾಕಿದಾಗ ಶೇಂಗಾ ಹಿಟ್ಟಾಗಿ ಎಣ್ಣೆ ಬಿಟ್ಟಿತ್ತು. ಅಕ್ಕ ಕೇಳಿದಳು, "ಟಿಟ್ವಾಳಾಕ್ಕ ಹೋಗೂದು ಯಾವಾಗ ಬಿಟ್ಟಿ?"

ಟಿಟ್ವಾಳಾ. ಮೂರು ತಿಂಗಳಿಗೊಮ್ಮೆ ಒಂದು ಸಂಕಷ್ಟಿಯ ದಿನ ಅವ್ವ ನನ್ನನ್ನು ಕಲ್ಯಾಣದ ಆಚೆಯ ಟಿಟ್ವಾಳಾ ಗಣಪತಿಗೆ ಎಳೆದುಕೊಂಡು ಹೋಗುತ್ತಿದ್ದಳು. ಹರಕೆ ಇದೆ ಎನ್ನುತ್ತಿದ್ದಳು. ನನ್ನ ಮದುವೆಯ ಹರಕೆ ಅಂತ ತಿಳಿದು ನಾನು ದಾರಿಯುದ್ದಕ್ಕೂ ಗಣಪತಿಯನ್ನೂ ಅವಳನ್ನೂ ಅಂದು ಆಡಿಕೊಳ್ಳುತ್ತಿದ್ದೆ. ಅವನಿಗೇ ತನ್ನ ಮದುವೆಗೆ ನಿನ್ನಷ್ಟು ಅವಸರ ಇಲ್ಲ ಬಿಡವ್ವ ಎನ್ನುತ್ತಿದ್ದೆ. ತಿರುಗಿ ಬರುವಾಗ ಕಲ್ಯಾಣದಲ್ಲಿ ಇಳಿದು, ಸ್ಟೇಷನ್ ಪಕ್ಕದ ಒಂದು ದವಾಖಾನೆಯಲ್ಲಿ ನನಗೊಂದು ಇಂಜೆಕ್ಷನ್ ಮಾಡಿಸುತ್ತಿದ್ದಳು. ಉಪವಾಸದಿಂದ ಸುಸ್ತಾಗಿರುತ್ತಿ, ರಕ್ತ ಆಗೂ ಇಂಜೆಕ್ಷನ್ ಎನ್ನುತ್ತಿದ್ದಳು. ಕೆಂಪು ಇಂಜೆಕ್ಷನ್ ಅದು. ಶೇಡ್ ನೋಡುವವಳಿಗೆ ಇಂಥದ್ದು ಮರೆಯುವುದಿಲ್ಲ, ದಾಳಿಂಬೆ ರಸದ ಕೆಂಪು.

"ಕೊಯ್ದು ತಗದ ತುಂಡಿನ್ಯಾಗ ಅದೇನೋ ವಿಟಮಿನ್ ಹೀರೂದು ಇರತದಂತ. ಅದಿಲ್ಲಂದ್ರ ಜೀವ ಇರೂತನಾ ಇಂಜೆಕ್ಷನ್ ಬೇಕಂತ ಆವಾಗಿನ ಡಾಕ್ಟರ್ ಹೇಳಿದ್ದ. ಅದಕ್ಕ ಅವ್ವ ಹರಕಿ ಹೂಡಿದಳು. ನಿನಗೂ ಗೊತ್ತಾಗಬಾರದು, ಮಂದಿಗೂ ಗೊತ್ತಾಗಬಾರದು."

"ಅವ್ವ ಹ್ವಾದ ಮ್ಯಾಲ ನೀ ಹೇಳಬೇಕಾಗಿತ್ತಲ್ಲ!"

ನನ್ನ ದನಿ ಏರಿತು. ಅಕ್ಕ ಮಿಕ್ಸಿಯನ್ನು ಇನ್ನೂ ಜೋರು ಮಾಡಿದಳು.

"ಎರಡು ಸಲ ಫೋನ್ ಮಾಡಿದ್ದೆ. ಸಂಕಷ್ಟಿ ಅದ, ಟಿಟ್ವಾಳಾಕ್ಕ ಹೋಗಿ ಬರೂಣು ನಡಿ ಅಂದೆ. ನೀ ಏನಂದಿ ನೆನಪದ ಏನು?"

ನೆನಪಿತ್ತು. ಮೊದಲ ಸಲ ನಕ್ಕಿದ್ದೆ. ಎರಡನೆಯ ಸಲ, ಮದುವೆಯ ವಯಸ್ಸು ಮುಗಿಯಿತು, ಇನ್ನು ನಿನ್ನ ಗಣಪತಿ ನನಗೇನು ಕೊಡುತ್ತಾನೆ, ನೀನೇ ಹೋಗು, ನಿನಗೆ ಕೇಳಲು ಬಹಳ ಇದೆ ಎಂದು ಫೋನು ಕುಕ್ಕಿದ್ದೆ. ಅವಳು ಮೂರನೆಯ ಸಲ ಕರೆಯಲಿಲ್ಲ. ಅವ್ವ ಮಾಡಿಸಿಕೊಂಡ ಆಣೆ ಒಂದು ಕಡೆ, ನನ್ನ ಬಾಯಿ ಒಂದು ಕಡೆ. ಆರು ವರ್ಷ ಅವಳು ಬಾಯಿ ಬಿಡಲಿಲ್ಲ, ನಾನು ಇಂಜೆಕ್ಷನ್ ಮಾಡಿಸಿಕೊಳ್ಳಲಿಲ್ಲ.

ಹೊರಡುವಾಗ ಅಕ್ಕ ಒಂದು ಸೀರೆ ಅಂಗಡಿಯ ಚೀಲ ಕೊಟ್ಟಳು. ಮೇಲೆ ಶೇಂಗಾ ಚಟ್ನಿಯ ಡಬ್ಬಿ, ಕೆಳಗೆ ಅವಳ ಮದುವೆಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಫೈಲು. "ಸುಟ್ಟುಬಿಡು ಅಂದಿದ್ದಳು ಅವ್ವ. ಫ್ಲ್ಯಾಟಿನ್ಯಾಗ ಎಲ್ಲಿ ಸುಡಲಿ, ಮನಿ ತುಂಬ ಹೊಗಿ ಆಗತದ. ಇಟ್ಟೆ" ಎಂದಳು. ಲಿಫ್ಟ್ ಬರುವವರೆಗೂ ನನ್ನ ತೋಳು ಹಿಡಿದು ನಿಂತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು ಮುಟ್ಟಿದ್ದು ಅದೇ ಮೊದಲು. ಲಿಫ್ಟ್ ಬಾಗಿಲು ತೆರೆದಾಗ, "ಭಾನುವಾರ ಆಗೂತನಾ ಯಾರಿಗೂ ಹೇಳಬ್ಯಾಡವಾ" ಎಂದು ತೋಳು ಬಿಟ್ಟಳು.

ಠಾಣೆಗೆ ಬರುವ ಗಾಡಿಯಲ್ಲಿ ಕಿಟಕಿ ಸಿಕ್ಕಿತು. ಫೈಲು ಬಿಚ್ಚಿ, ಎಡಗಣ್ಣು ಮುಚ್ಚಿ, ಕಾಗದವನ್ನು ಓರೆ ಹಿಡಿದು ಓದಲು ನೋಡಿದೆ. ನೇರ ನೋಡಿದ ಅಕ್ಷರ ಮಾಯವಾಗುತ್ತಿತ್ತು, ಪಕ್ಕದ್ದು ಕಾಣುತ್ತಿತ್ತು. ಹಾಗೇ ಪಕ್ಕಪಕ್ಕದಿಂದ ಕದ್ದು ಓದಿಕೊಂಡೆ. ಕೊನೆಯ ಪುಟದ ಹಿಂದೆ ಅವ್ವ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದಳು. ಒಂದು ಇಂಜೆಕ್ಷನ್‌ಗೆ ಒಂದು ಗೀಟು. ಎಣಿಸಹೋಗಿ ಕಣ್ಣು ಕೂಡದೆ ಬಿಟ್ಟೆ. ಎದುರಿನ ಹೆಂಗಸು, "ಪಢ್ ದೂಂ ಕ್ಯಾ?" ಎಂದು ಓದಿ ಹೇಳಲು ಕೈ ಚಾಚಿದಳು. ಬೇಡ ಎಂದೆ. ಆಮೇಲೆ ಗಾಡಿ ತುಂಬಿದ್ದರೂ ಅತ್ತುಬಿಟ್ಟೆ.

ಡಾಕ್ಟರು ಫೈಲನ್ನು ಎರಡು ಸಲ ಓದಿದರು. ಅಷ್ಟರಲ್ಲಿ ರಕ್ತದ ವರದಿಯೂ ಬಂದಿತ್ತು, ಬಿ ಟ್ವೆಲ್ವ್ ವಿಟಮಿನ್ ತಳ ಮುಟ್ಟಿತ್ತು. ಎಂಆರ್‌ಐಯಲ್ಲಿ ನರಕ್ಕೆ ಬಾವು ಇರಲಿಲ್ಲ. ಇದು ನ್ಯೂರೈಟಿಸ್ ಅಲ್ಲ, ನರ ಆಹಾರವಿಲ್ಲದೆ ಸೊರಗಿದೆ, ಸ್ಟಿರಾಯ್ಡ್‌ನಿಂದ ಉಪಯೋಗವಿರಲಿಲ್ಲ, ಮೇಲಾಗಿ ಹಳೆಯ ಟಿಬಿ ಎದ್ದು ಕೂರುವ ಭಯ ಬೇರೆ ಎಂದರು. ಕಣ್ಣು ಪೂರ್ತಿ ಬರುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಬರುತ್ತದೆ, ಎಷ್ಟು ಅಂತ ಮಾತು ಕೊಡಲಾರೆ, ಒಂದೆರಡು ವರ್ಷ ಮೊದಲೇ ಬಂದಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ನರ್ಸ್ ಸೂಜಿಗೆ ಔಷಧಿ ಎಳೆದಳು. ಕೆಂಪು ಇದ್ದಿರಬೇಕು. ನನಗೆ ಅದು ಚಹಾ ಬಣ್ಣ.

ಸೊಲ್ಲಾಪುರದವರು ಒಪ್ಪಿದರು. ಮದುವೆ ಮಾತು ಮುಗಿದ ಸುದ್ದಿ ವಾಟ್ಸಾಪಿನಲ್ಲಿ ಬಂತು. ನನ್ನ ಕಣ್ಣು ಹೇಗಿದೆ ಎಂದು ಅಕ್ಕ ಅದರಲ್ಲಿ ಕೇಳಿರಲಿಲ್ಲ. ಆದರೆ ಆಮೇಲೆ ಪ್ರತಿ ತಿಂಗಳೂ ಒಂದು ಬೆಳಿಗ್ಗೆ ಅವಳಿಂದ ಎರಡೇ ಪದ ಬರುತ್ತದೆ: ಇವತ್ತು ಸಂಕಷ್ಟಿ. ಅವಳ ಗಂಡ ನೋಡಿದರೂ ಏನೂ ತಿಳಿಯುವುದಿಲ್ಲ. ನಾನು ಅಕ್ಷರ ದೊಡ್ಡದು ಮಾಡಿ ಓದುತ್ತೇನೆ, ಆಸ್ಪತ್ರೆಗೆ ಹೊರಡುತ್ತೇನೆ. ಕಂಪನಿಯಲ್ಲಿ ನನ್ನನ್ನು ಸ್ಟೋರ್ ಕಡೆ ಹಾಕಿದ್ದಾರೆ. ಬೆಳಕಿನ ಪೆಟ್ಟಿಗೆಗೆ ಈಗ ಬೇರೆ ಹುಡುಗಿ ಬಂದಿದ್ದಾಳೆ.

ಮೊನ್ನೆ ಆಸ್ಪತ್ರೆಯಲ್ಲಿ ಹೊಸ ಜೂನಿಯರ್ ಡಾಕ್ಟರ್ ಇದ್ದಳು. ಮತ್ತೆ ಮೊದಲಿಂದ ಕೇಳತೊಡಗಿದಳು. ಹಿಂದೆ ಏನಾದರೂ ಆಪರೇಷನ್? ಹೌದು ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ, ಕರುಳು, ಟಿಬಿ, ಎಷ್ಟು ಉದ್ದ ಕೊಯ್ದರು ಅಂತ ಸಹ. ಪಕ್ಕದ ಬೆಂಚಿನವರು ಸ್ವಲ್ಪ ಆಚೆ ಸರಿದು ಕೂತರು. ಸರಿಯಲಿ ಬಿಡಿ ಅಂದುಕೊಂಡೆ.

"ಅಷ್ಟು ವರ್ಷ ಇಂಜೆಕ್ಷನ್ ಯಾರು ಕೊಡಿಸುತ್ತಿದ್ದರು?"

"ನಮ್ಮವ್ವ."

"ಮತ್ತೆ ಯಾಕೆ ನಿಲ್ಲಿಸಿದಿರಿ?"

ಗಣಪತಿ, ಹರಕೆ, ಮಿಕ್ಸಿ, ಆಣೆ, ಎಲ್ಲಿಂದ ಶುರು ಮಾಡಲಿ? ಹಿಂದೆ ಹದಿನೈದು ಮಂದಿಯ ಸಾಲಿತ್ತು. "ಅವ್ವ ಸತ್ತಳು" ಎಂದಷ್ಟೇ ಹೇಳಿದೆ. ಅವಳು ಏನೋ ಟೈಪ್ ಮಾಡಿದಳು. ನನಗೆ ಕಾಣುವುದಿಲ್ಲ, ಏನು ಬರೆದಿರಿ ಓದಿ ಎಂದೆ.

"ಇಂಜೆಕ್ಷನ್‌ಗಳನ್ನು ರೋಗಿ ತಾವಾಗಿಯೇ ನಿಲ್ಲಿಸಿದ್ದಾರೆ."

ಜಗಳಕ್ಕೆ ಬಾಯಿ ತೆರೆದೆ. ಇಪ್ಪತ್ತೆಂಟು ವರ್ಷ ನನಗೆ ತಿಳಿಸದೆ ನಡೆದದ್ದಕ್ಕೆ ನನ್ನ ಹೆಸರು ಯಾಕೆ ಬರೆಯುತ್ತೀರಿ ಅಂತ ಕೇಳಬೇಕು. ಅಷ್ಟರಲ್ಲಿ, ಅವ್ವ ಸತ್ತ ವರ್ಷ ಫೋನಿನಲ್ಲಿ ಹೆದರಿ ಹೆದರಿ ಆಡಿದ ಅಕ್ಕನ ದನಿ ಕೇಳಿಸಿದಂತಾಯಿತು. ಟಿಟ್ವಾಳಾಕ್ಕ ಹೋಗಿ ಬರೂಣು ನಡಿ.

"ಸರಿಯಾಗಿದೆ" ಎಂದೆ. "ಹಾಗೇ ಇರಲಿ."